ಎರಡನೇ ಮಹಡಿಯವರ ರೈಟರಮ್ಮ

ಪೊಲೀಸ್ ಇಲಾಖೆಯಲ್ಲಿ ಮೂವತ್ತೆರಡು ವರ್ಷ ದುಡಿದರೂ ರೈಟರಮ್ಮ ಒಬ್ಬನೇ ಒಬ್ಬ ಕಳ್ಳನನ್ನು ಹಿಡಿದವರಲ್ಲ. ಲಾಠಿ ಹಿಡಿದದ್ದು ತರಬೇತಿಯ ದಿನಗಳಲ್ಲಿ ಮಾತ್ರ, ಆಮೇಲೆ ಹಿಡಿದದ್ದೆಲ್ಲ ಪೆನ್ನು. ಠಾಣೆಯ ಬಾಗಿಲು ದಾಟಿದರೆ ಎಡಕ್ಕೆ ಸಿಗುವ ಮೇಜು ಅವರದು. ಅಳುತ್ತ ಬಂದವರು, ಅಬ್ಬರಿಸುತ್ತ ಬಂದವರು, ಏನು ಹೇಳಬೇಕೆಂದು ಬಂದೆವೋ ಅದನ್ನೇ ಮರೆತವರು, ಎಲ್ಲರೂ ಮೊದಲು ಆ ಮೇಜಿನ ಮುಂದೆ ಕೂರಬೇಕು. ರೈಟರಮ್ಮ ಅವರ ಮಾತನ್ನೆಲ್ಲ ಕೇಳಿ, ಕಣ್ಣೀರನ್ನು ಸೋಸಿ, ದಿನಾಂಕ, ಸ್ಥಳ, ಸಮಯ ಹಾಕಿ ದೂರು ಬರೆದುಕೊಳ್ಳುತ್ತಿದ್ದರು. ಅಕ್ಷರವೆಂದರೆ ಮುತ್ತು ಪೋಣಿಸಿದ ಹಾಗೆ.

ನಿವೃತ್ತಿಯಾದ ಮೇಲೂ ಹೆಸರು ಅಂಟಿಕೊಂಡೇ ಉಳಿಯಿತು, ಚಟವೂ ಉಳಿಯಿತು. ಗ್ಯಾಸ್ ಸಿಲಿಂಡರ್ ಬಂದರೆ ಕ್ಯಾಲೆಂಡರಿನ ಮೇಲೆ ಬರೆಯುತ್ತಿದ್ದರು: "ಹತ್ತು ಇಪ್ಪತ್ತಕ್ಕೆ ಬಂತು. ತಂದವನ ಬಲಗೈಗೆ ಬ್ಯಾಂಡೇಜು." ಅವರ ಯಜಮಾನರು ಜಮೀನು ಅಳೆಯುವ ಸರ್ವೆಯರ್ ಆಗಿದ್ದವರು, ಈಗ ಕಿವಿ ಸ್ವಲ್ಪ ಮಂದ. ಒಂದು ದಿನ ಕ್ಯಾಲೆಂಡರ್ ನೋಡಿ ಕೇಳಿದರು.

"ನಾನು ಮಲಗಿದ್ದು ಎಷ್ಟು ಗಂಟೆಗೆ ಅಂತಾನೂ ಬರ್ದಿದೀಯಾ?"

"ಮಲಗಿದ್ದು ಬರ್ದಿಲ್ಲ. ಗೊರಕೆ ಶುರುವಾಗಿದ್ದು ಬರ್ದಿದೀನಿ."

ಇವರ ಮನೆ ನಾಲ್ಕು ಮಹಡಿಯ ಕಟ್ಟಡದ ಮೂರನೇ ಮಹಡಿಯಲ್ಲಿ. ಲಿಫ್ಟ್ ಇತ್ತು, ಆದರೆ ಅದು ಮನಸ್ಸು ಬಂದಾಗ ಮಾತ್ರ ನಡೆಯುವ ಲಿಫ್ಟ್. ಹೀಗಾಗಿ ದಿನಕ್ಕೆರಡು ಸಲ ಎರಡನೇ ಮಹಡಿಯ ಬಾಗಿಲಿನ ಮುಂದೆ ಹಾದುಹೋಗುವುದು ತಪ್ಪುತ್ತಿರಲಿಲ್ಲ. ಅಲ್ಲಿ ಒಂದು ಸಂಸ್ಥೆಯವರು ಮೂರು ಕೋಣೆ ಬಾಡಿಗೆಗೆ ಹಿಡಿದಿದ್ದರು. ಹೊರಗಿನ ಬೋರ್ಡು "ವಾಚನಾಲಯ" ಅನ್ನುತ್ತಿತ್ತು. ಒಳಗೆ ಪುಸ್ತಕವೂ ಇತ್ತು, ಸುಳ್ಳಲ್ಲ. ಆದರೆ ಅಲ್ಲಿಗೆ ಬರುತ್ತಿದ್ದವರು ಬೇರೆ ಕಾರಣಕ್ಕೆ ಬರುತ್ತಿದ್ದರು. ಗಂಡಸನ್ನು ಪ್ರೀತಿಸಿದ ಗಂಡಸರು, ಹೆಂಗಸಿನ ಜೊತೆ ಬಾಳುವ ಹೆಂಗಸರು, ಗಂಡಾಗಿ ಬೆಳೆಸಿದರೂ ಹೆಣ್ಣೆಂದೇ ತಮ್ಮನ್ನು ಬಲ್ಲವರು. ಮನೆಯಿಂದ ಹೊರದೂಡಿಸಿಕೊಂಡವರಿಗೆ ಕೋಣೆ ಹುಡುಕುವುದು, ಕೆಲಸ ಕಳಕೊಂಡವರಿಗೆ ವಕೀಲರನ್ನು ಹಿಡಿಯುವುದು, ಒದೆ ತಿಂದವರನ್ನು ಆಸ್ಪತ್ರೆಗೆ ಸೇರಿಸುವುದು, ಇದು ಅಲ್ಲಿಯ ದಿನಚರಿ. ನಡೆಸುತ್ತಿದ್ದವರು ನಲವತ್ತರ ಆಸುಪಾಸಿನ ಒಬ್ಬ ಹೆಂಗಸು. ಗಣಿತ ಟೀಚರ್ ಆಗಿದ್ದರು. ಒಬ್ಬ ನರ್ಸ್ ಜೊತೆ ಒಂದೇ ಮನೆಯಲ್ಲಿ ಬಾಳುತ್ತಿದ್ದಾರೆಂದು ಶಾಲೆಯವರು ಅವರನ್ನು ಬಿಡಿಸಿದ್ದರು. ಶಾಲೆ ಬಿಟ್ಟರೂ ಎಲ್ಲರೂ ಅವರನ್ನು ಟೀಚರ್ ಅಂತಲೇ ಕರೆಯುತ್ತಿದ್ದರು.

ನೆಲಮಹಡಿಯಲ್ಲಿ ನಿವಾಸಿಗಳ ಸಂಘದ ಸೆಕ್ರೆಟರಿಯ ಮನೆ. ಪ್ಲಾಸ್ಟಿಕ್ ಬಕೆಟ್ಟಿನ ಸಗಟು ವ್ಯಾಪಾರಿ. ಆತ ಒಂದು ಬೆಳಿಗ್ಗೆ ಕಾಗದ ಹಿಡಿದು ಮೂರನೇ ಮಹಡಿಗೆ ಹತ್ತಿಬಂದ. ಎರಡನೇ ಮಹಡಿಯವರನ್ನು ಖಾಲಿ ಮಾಡಿಸಿ ಎಂದು ಕಟ್ಟಡದ ಮಾಲೀಕರಿಗೆ ಮನವಿ. ರೈಟರಮ್ಮ ಕನ್ನಡಕ ಹಾಕಿಕೊಂಡು ಓದಿದರು. "ಕಟ್ಟಡದ ಘನತೆಗೆ ದಕ್ಕೆ" ಎಂದಿತ್ತು. ಪೆನ್ನು ತೆಗೆದು ದಕಾರದ ಹೊಟ್ಟೆ ಸೀಳಿ 'ಧಕ್ಕೆ' ಮಾಡಿದರು. ಒಲೆಯ ಮೇಲೆ ಹಾಲು ಉಕ್ಕುವುದರಲ್ಲಿತ್ತು. ಏಳನೇ ನಂಬರಿನಲ್ಲಿ ಸಹಿ ಹಾಕಿ ಕಳಿಸಿದರು. ಅಷ್ಟೇ. ಕೋಪವಿಲ್ಲ, ದ್ವೇಷವಿಲ್ಲ. ಸಹಿ ಕೇಳಿದರು, ಹಾಕಿದರು.

ಇದಾದ ಮುಂದಿನ ಸೋಮವಾರ ಯಾರೋ ಮೂವರು ಬಂದು ವಾಚನಾಲಯದ ಕಿಟಕಿ ಗಾಜು ಒಡೆದು, ಬಾಗಿಲಿಗೆ ಕಪ್ಪು ಬಣ್ಣ ಎರಚಿ, ಹೇಳಬಾರದ ಒಂದು ಮಾತನ್ನು ಗೋಡೆಯ ಮೇಲೆ ಬರೆದು ಹೋದರು. ಹಾಡಹಗಲು, ಹತ್ತೂವರೆ ಗಂಟೆ. ಮಧ್ಯಾಹ್ನ ತರಕಾರಿ ಚೀಲ ಹಿಡಿದು ಹತ್ತುತ್ತಿದ್ದ ರೈಟರಮ್ಮನಿಗೆ ಮೆಟ್ಟಿಲ ಮೇಲೆ ಟೀಚರ್ ಕೂತಿದ್ದದ್ದು ಕಾಣಿಸಿತು. ಅಂಗೈಗೆ ಬಟ್ಟೆ ಸುತ್ತಿಕೊಂಡಿದ್ದರು.

"ಸ್ಟೇಷನ್ನಿಗೆ ಹೋಗಿದ್ರಾ?"

"ಹೋಗಿದ್ದೆ. ನಿಮ್ಮಂಥವರು ನಿಮ್ಮಲ್ಲೇ ಬಗೆಹರಿಸ್ಕೊಳ್ಳಿ ಅಂದ್ರು. ಬರ್ಕೊಳ್ಲಿಲ್ಲ."

"ಬರ್ಕೊಳ್ಲಿಲ್ವಾ?"

"ಇಲ್ಲ."

"ಪೆನ್ನು ಕೈಗಾದ್ರೂ ತಗೊಂಡ್ರಾ?"

"ಅದೂ ಇಲ್ಲ."

ರೈಟರಮ್ಮನ ಮುಖ ಕೆಂಪಾಯಿತು. ಅದು ಕರುಣೆಯಲ್ಲ ಎಂದು ಮುಂದೆ ಅವರೇ ಹೇಳುತ್ತಿದ್ದರು. ಗಾಜು ಒಡೆದದ್ದಕ್ಕಿಂತ ತಮ್ಮ ಮೇಜಿನಲ್ಲಿ ಕೂತವನು ಪೆನ್ನೆತ್ತಲಿಲ್ಲ ಎಂಬುದೇ ಅವರಿಗೆ ಮೊದಲು ಚುಚ್ಚಿದ್ದು. ತರಕಾರಿ ಚೀಲ ಮೆಟ್ಟಿಲ ಮೇಲೇ ಬಿಟ್ಟು ಒಳಗೆ ನಡೆದರು.

ಟೀಚರ್ ಬರೆದಿದ್ದ ದೂರು ನಾಲ್ಕು ಪುಟವಿತ್ತು. ರೈಟರಮ್ಮ ಓದಿದರು.

"ಚೆನ್ನಾಗಿ ಬರ್ದಿದೀರಿ. ಓದಿದ್ರೆ ಹೊಟ್ಟೆ ಉರಿಯುತ್ತೆ. ಆದ್ರೆ ಠಾಣೆಗೆ ಹೊಟ್ಟೆ ಇಲ್ಲ. ಎಷ್ಟು ಗಂಟೆಗೆ, ಎಷ್ಟು ಜನ, ಯಾವ ಬಟ್ಟೆ, ಏನು ಒಡೀತು, ಯಾರು ನೋಡಿದ್ರು, ಅಷ್ಟು ಹೇಳಿ. ದುಃಖ ಕೋರ್ಟಿಗೆ ಇಟ್ಕೊಳ್ಳಿ."

ಹದಿನೈದು ನಿಮಿಷದಲ್ಲಿ ಒಂದೂವರೆ ಪುಟದ ದೂರು ಸಿದ್ಧವಾಯಿತು, ಎರಡು ಪ್ರತಿ. ಸಹಿ ಹಾಕುವಾಗ ಟೀಚರ್ ತಲೆ ಎತ್ತದೆ ಹೇಳಿದರು, "ನಿಮ್ಮ ಅಕ್ಷರ ನಾನು ಮುಂಚೆ ನೋಡಿದೀನಿ. ಏಳನೇ ನಂಬರು."

ರೈಟರಮ್ಮ ಎರಡೂ ಪ್ರತಿ ಮಡಚಿ ಕೈಗೆ ತೆಗೆದುಕೊಂಡರು. "ನಡೀರಿ, ಹೊತ್ತಾಗುತ್ತೆ" ಅಂದರು.

ಠಾಣೆಯಲ್ಲಿ ಅವರ ಮೇಜಿನ ಹಿಂದೆ ಕೂತಿದ್ದವನು ಅವರ ಕೈಕೆಳಗೇ ಕೆಲಸ ಕಲಿತವನು. ಗುರುವನ್ನು ಕಂಡು ದಡಬಡಿಸಿ ಎದ್ದ. "ಮೇಡಂ! ಬನ್ನಿ ಬನ್ನಿ, ಟೀ ತರಿಸ್ತೀನಿ."

"ಟೀ ಆಮೇಲೆ. ಮೊದಲು ಇದಕ್ಕೆ ಸೀಲು ಹಾಕಿ, ನಂಬರು ಕೊಡು."

ಕಾಗದ ನೋಡಿ, ಪಕ್ಕದಲ್ಲಿದ್ದ ಟೀಚರ್ ಮುಖ ನೋಡಿ, ಅವನ ದನಿ ಇಳಿಯಿತು. "ಮೇಡಂ, ನಿಮಗ್ಯಾಕೆ ಇವರ ಸಹವಾಸ? ಸಾಹೇಬ್ರು ಬೇಡ ಅಂದಿದಾರೆ."

"ಸಾಹೇಬ್ರು ಬೇಡ ಅಂದಿದ್ದನ್ನ ಬರೆದುಕೊಡು. ಅದಕ್ಕೂ ಸೀಲು ಹಾಕು."

ಅವನು ಒಳಗೆ ಹೋದ, ಬಂದ, ಮತ್ತೆ ಹೋದ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಅಂದ. "ಮೀಟಿಂಗು ಮುಗೀಲಿ" ಎಂದು ರೈಟರಮ್ಮ ಗೋಡೆ ಬದಿಯ ಬೆಂಚಿನ ಮೇಲೆ ಕೂತರು. ಮೂವತ್ತೆರಡು ವರ್ಷ ಜನ ಆ ಬೆಂಚಿನ ಮೇಲೆ ಕಾಯುವುದನ್ನು ನೋಡಿದ್ದರು. ತಾವು ಕೂತದ್ದು ಅದೇ ಮೊದಲು. ಬೆಂಚಿನ ಮಧ್ಯದ ಹಲಗೆ ಸಡಿಲವಾಗಿ ತೊಡೆ ಚಿವುಟುತ್ತಿತ್ತು.

ಎರಡು ಗಂಟೆ ಕಳೆಯಿತು. ಅಲ್ಲಿ ಕೂತೇ ರೈಟರಮ್ಮ ಒಂದು ವಿಷಯ ಹೇಳಿದರು. ಯಜಮಾನರಿಗೂ ಹೇಳಿರದ ವಿಷಯ.

"ಹದಿನೆಂಟು ವರ್ಷದ ಹಿಂದೆ ಒಬ್ಬ ಹುಡುಗ ಬಂದಿದ್ದ, ಇಪ್ಪತ್ತಿರಬಹುದು. ಬಾಯಿ ಒಡೆದು ರಕ್ತ. ಪಾರ್ಕಿನಲ್ಲಿ ಗೆಳೆಯನ ಜೊತೆ ಕೂತಿದ್ದಕ್ಕೆ ಹೊಡೆದ್ರು ಅಂದ. ನಾನು ದಿನಾಂಕ ಬರೆದೆ. ಸಾಹೇಬ್ರು ಬಾಗಿಲಲ್ಲಿ ನಿಂತು ತಲೆ ಅಲ್ಲಾಡಿಸಿದ್ರು. ನಾನು ಪೆನ್ನಿಗೆ ಮುಚ್ಚಳ ಹಾಕಿದೆ."

"ಆಮೇಲೆ ಬಂದ್ನಾ?"

"ಇಲ್ಲ."

"ಹೆಸರೇನು?"

"ಬರ್ಕೊಂಡಿದ್ರೆ ತಾನೇ ಹೆಸರು ಗೊತ್ತಿರೋದು."

ಟೀಚರ್ ಸರಿದು ಕೂತು, "ಈ ಕಡೆ ಬನ್ನಿ, ಇಲ್ಲಿ ಹಲಗೆ ಗಟ್ಟಿ ಇದೆ" ಅಂದರು.

ಸಂಜೆ ನಾಲ್ಕೂ ಹತ್ತಕ್ಕೆ ಸೀಲು ಬಿತ್ತು. ಮೇಜಿನ ಹಿಂದಿನವನು ಸ್ವೀಕೃತಿ ಚೀಟಿ ಕೊಡುತ್ತ, "ನೀವು ಕಲಿಸಿದ್ದೇ ಹೆಚ್ಚಾಯ್ತು ಮೇಡಂ" ಎಂದು ಗೊಣಗಿದ. "ಅರ್ಧ ಕಲಿಸಿದ್ದೆ, ಉಳಿದರ್ಧ ಇವತ್ತು" ಅಂದರು ರೈಟರಮ್ಮ. ಕೊನೆಗೂ ಟೀ ಕುಡಿದರು.

ಆ ವಾರದಿಂದ ಎರಡನೇ ಮಹಡಿಯಲ್ಲಿ ಶುಕ್ರವಾರದ ತರಗತಿ ಶುರುವಾಯಿತು. ಮೊದಲ ದಿನ ಆರು ಜನ, ತಿಂಗಳಲ್ಲಿ ಇಪ್ಪತ್ತೈದು. ರೈಟರಮ್ಮ ಕಲಿಸಿದ್ದು ದೊಡ್ಡ ಸಿದ್ಧಾಂತವಲ್ಲ. ಠಾಣೆಗೆ ಒಬ್ಬರೇ ಹೋಗಬೇಡಿ. ಎದುರಿಗಿರುವವರ ಎದೆಯ ಮೇಲಿನ ನಂಬರು ಮೊದಲು ಓದಿ, ಮುಖ ಆಮೇಲೆ ನೋಡಿ. ಬೆದರಿಕೆಯ ಫೋನ್ ಬಂದರೆ ಬಯ್ಯಬೇಡಿ, "ಸ್ವಲ್ಪ ನಿಧಾನವಾಗಿ ಹೇಳಿ, ಬರ್ಕೋತಿದೀನಿ" ಅನ್ನಿ. ಈ ಕೊನೆಯ ಉಪಾಯ ಎಷ್ಟು ಚೆನ್ನಾಗಿ ಕೆಲಸ ಮಾಡಿತೆಂದರೆ, ದಿನಾ ಕರೆಮಾಡಿ ಕೊಲ್ಲುತ್ತೇನೆ ಅನ್ನುತ್ತಿದ್ದವನೊಬ್ಬ ತನ್ನ ವಾಕ್ಯ ತಾನೇ ಎರಡು ಸಲ ಹೇಳಿ, ಮೂರನೇ ಸಲ ನಾಚಿಕೊಂಡು ಫೋನಿಟ್ಟನಂತೆ. ಬಾಗಿಲ ಪಕ್ಕ ಒಂದು ಪುಸ್ತಕವೂ ಬಂತು. ಯಾರು, ಎಲ್ಲಿಗೆ, ಎಷ್ಟಕ್ಕೆ ಹೊರಟರು, ಎಷ್ಟಕ್ಕೆ ವಾಪಸ್ಸು. ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ತಡವಾದರೆ ಇಬ್ಬರು ಹುಡುಕಿಕೊಂಡು ಹೊರಡುತ್ತಿದ್ದರು.

ಕಲಿತದ್ದು ಅವರಷ್ಟೇ ಅಲ್ಲ. ಬ್ಯೂಟಿ ಪಾರ್ಲರ್ ನಡೆಸುತ್ತಿದ್ದ ಒಬ್ಬ ಟ್ರಾನ್ಸ್ ಹೆಂಗಸು ಇದ್ದಳು, ಎಲ್ಲರಿಗೂ ಪಾರ್ಲರ್ ಅಕ್ಕ. ಅವಳ ಅಂಗಡಿ ಮುಂದೆ ದಿನಾ ಬಂದು ಗಲಾಟೆ ಮಾಡುವವರ ಮೇಲೆ ದೂರು ಬರೆಯುವಾಗ ರೈಟರಮ್ಮ ತಡವರಿಸಿದರು. ಅವನು ಅನ್ನಲೋ, ಅವಳು ಅನ್ನಲೋ? ಮೂವತ್ತೆರಡು ವರ್ಷದ ಅನುಭವ ದಾರಿ ತೋರಿಸಿತು.

"ಬಹುವಚನ ಕೊಟ್ಬಿಡ್ತೀನಿ. 'ಅವರು' ಅಂತ ಬರೀತೀನಿ. ಜಗಳಾನೇ ಇಲ್ಲ, ಗೌರವಾನೂ ಆಯ್ತು."

ಪಾರ್ಲರ್ ಅಕ್ಕ ನಕ್ಕಳು. "ಗೌರವ ನೀವಿಟ್ಕೊಳ್ಳಿ ಅಮ್ಮಾ. ನನಗೆ 'ಅವಳು' ಅನ್ನಿ ಸಾಕು. ಅದೊಂದು ಮಾತಿಗೆ ಮೂವತ್ತು ವರ್ಷ ಕಾದಿದೀನಿ."

ರೈಟರಮ್ಮ ಬರೆದದ್ದನ್ನು ಹೊಡೆದುಹಾಕಿ, ಹೊಸ ಹಾಳೆ ತೆಗೆದುಕೊಂಡರು. ಹೊಡೆದುಹಾಕಿದ ಹಾಳೆ ಎಂದೂ ಅವರ ಕೈಯಿಂದ ಹೊರಗೆ ಹೋದದ್ದಿಲ್ಲ.

ನೆಂಟರಲ್ಲಿ ಸುದ್ದಿ ಹಬ್ಬಿತು. ನಾದಿನಿ ಫೋನ್ ಮಾಡಿ, "ಅತ್ತಿಗೆ, ಈ ವಯಸ್ಸಲ್ಲಿ ನಿಮಗಿದು ಬೇಕಿತ್ತಾ? ನಾವು ನಾಲ್ಕು ಜನರಿಗೆ ಮುಖ ತೋರಿಸೋದು ಹೇಗೆ?" ಅಂದಳು. "ಯಾವ ನಾಲ್ಕು ಜನ? ಹೆಸರು ಹೇಳು, ಬರ್ಕೋತೀನಿ" ಅಂದರು ರೈಟರಮ್ಮ. ನಾದಿನಿ ಆರು ತಿಂಗಳು ಫೋನ್ ಮಾಡಲಿಲ್ಲ. ಸರ್ವೆಯರಿಗೆ ಅದು ಒಳ್ಳೆಯದೇ ಆಯಿತು, ಊಟ ಹೊತ್ತಿಗೆ ಸರಿಯಾಗಿ ಸಿಗುತ್ತಿತ್ತು.

ಅಷ್ಟರಲ್ಲಿ ಸಂಸ್ಥೆಯವರು ಒಂದು ದೊಡ್ಡ ಕೆಲಸಕ್ಕೆ ಕೈಹಾಕಿದರು. ಯಾರು ಯಾರ ಜೊತೆ ಬಾಳುತ್ತಾರೆ ಎಂಬ ಕಾರಣಕ್ಕೆ ಮನೆಯಿಂದ, ಕೆಲಸದಿಂದ ತೆಗೆಯಬಾರದು ಎಂಬ ನಿಯಮ ಬೇಕೆಂದು ನಗರಸಭೆಗೆ ಅರ್ಜಿ. ಅರ್ಜಿಯನ್ನು ಅಂಚೆಯಲ್ಲಿ ಕಳಿಸುವುದಲ್ಲ, ಬಜಾರಿನ ನಡುವೆ ನಡೆದುಕೊಂಡು ಹೋಗಿ ಕೊಡುವುದು. ಸುದ್ದಿ ಹೊರಬಿದ್ದ ಮೂರನೇ ದಿನ ಟೀಚರ್ ಮತ್ತು ನರ್ಸ್ ಇಬ್ಬರ ಫೋಟೋ, ಮನೆ ವಿಳಾಸ, ನರ್ಸ್ ಡ್ಯೂಟಿ ಮುಗಿಸುವ ಹೊತ್ತು, ಎಲ್ಲವೂ ಅಚ್ಚಾದ ಪೋಸ್ಟರು ಬಸ್ ನಿಲ್ದಾಣದ ಕಂಬಗಳ ಮೇಲೆ ಕಾಣಿಸಿತು. ಕೆಳಗೆ, "ಇವರಿಗೆ ಬುದ್ಧಿ ಕಲಿಸಿ."

ರೈಟರಮ್ಮ ಒಂದು ಪೋಸ್ಟರನ್ನು ನೀರು ಹಚ್ಚಿ ಜೋಪಾನವಾಗಿ ಬಿಡಿಸಿ, ಸಾಕ್ಷ್ಯಕ್ಕೆಂದು ಕವರಿನಲ್ಲಿಟ್ಟರು. ಮನೆಗೆ ಬಂದು ಯಜಮಾನರ ಒಳ್ಳೆಯ ಕಿವಿಯ ಕಡೆ ಕೂತರು.

"ಟೀಚರು, ನರ್ಸು ಸ್ವಲ್ಪ ದಿನ ನಮ್ಮನೇಲಿ ಇರ್ತಾರೆ."

"ಇರ್ಲಿ. ಯಾವ ರೂಮು?"

"ಹಿಂದಿನ ರೂಮು."

"ಇಬ್ರೂ ಒಂದೇ ರೂಮಲ್ಲಾ?"

"ಹೌದು. ಯಾಕೆ?"

ಸರ್ವೆಯರ್ ಎದ್ದು ಡ್ರಾಯರಿನಿಂದ ಟೇಪು ತೆಗೆದುಕೊಂಡು ಹಿಂದಿನ ಕೋಣೆಗೆ ಹೋದರು. ರೈಟರಮ್ಮ ಬಾಗಿಲವರೆಗೆ ಹಿಂದೆಯೇ ಹೋದರು. ಒಳಗಿನಿಂದ ದನಿ ಬಂತು: "ಈ ಮಂಚ ಮೂರಡಿ ಅಗಲ. ಇಬ್ಬರಿಗೆ ಸಾಲಲ್ಲ ಕಣೇ. ನಮ್ಮ ಮಂಚ ಅಲ್ಲಿಗೆ ಹಾಕೋಣ. ನನ್ನ ಗೊರಕೆ ನೀನು ಹೇಗೂ ಬರ್ಕೋತೀಯ, ಬೇರೆ ಬೇರೆ ಮಲಗಿದ್ರೂ ಕೇಳ್ಸುತ್ತೆ."

ನರ್ಸ್ ಮಾತು ಕಡಿಮೆಯ ಹೆಂಗಸು. ಬಂದ ಎರಡನೇ ದಿನವೇ ಸರ್ವೆಯರ ಕಿವಿ ನೋಡಿ, ಎಣ್ಣೆ ಹನಿಸಿ, ಒಂದು ಹೆಸರುಕಾಳಿನಷ್ಟು ಗುಗ್ಗೆ ತೆಗೆದಳು. ಹತ್ತು ವರ್ಷದಿಂದ ಕೇಳಿಸದಿದ್ದ ಫ್ಯಾನಿನ ಕಿರಿಕಿರಿ ಅವರಿಗೆ ಕೇಳಿಸತೊಡಗಿತು. "ಕಿವುಡೇ ಚೆನ್ನಾಗಿತ್ತು" ಎಂದು ಬೈದರು, ಆದರೆ ನರ್ಸ್ ಬರುವ ಹೊತ್ತಿಗೆ ತಾವೇ ಬಸ್ ನಿಲ್ದಾಣಕ್ಕೆ ಹೋಗಿ ಕರೆತರುವುದನ್ನು ಅಭ್ಯಾಸ ಮಾಡಿಕೊಂಡರು. ಕೈಯಲ್ಲಿ ಹಳೆಯ ಅಳತೆಕೋಲು, ಆರಡಿ ಉದ್ದದ್ದು.

ಸೆಕ್ರೆಟರಿ ಸುಮ್ಮನಿರಲಿಲ್ಲ. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ನೆಲಮಹಡಿಯ ವಾಹನ ನಿಲ್ಲಿಸುವ ಜಾಗದಲ್ಲಿ ಸಭೆ ಕರೆದ. ವಿಷಯ ಒಂದೇ: ಎರಡನೇ ಮಹಡಿ ಖಾಲಿಯಾಗಬೇಕು, ಮೂರನೇ ಮಹಡಿಯಲ್ಲಿ "ಆಶ್ರಯ" ನಿಲ್ಲಬೇಕು. ಹತ್ತೊಂಬತ್ತು ಮನೆಯವರು ಬಂದರು. ಕೆಲವರು ಸಿಟ್ಟಿನಲ್ಲಿದ್ದರು, ಕೆಲವರು ಭಾನುವಾರ ಬೇರೆ ಕೆಲಸವಿಲ್ಲದೆ ಬಂದಿದ್ದರು. ರೈಟರಮ್ಮ ಮಡಚುವ ಕುರ್ಚಿ, ಉದ್ದನೆಯ ಪುಸ್ತಕ ಹಿಡಿದು ಇಳಿದರು.

"ಸಭೆ ಅಂದ್ಮೇಲೆ ನಡಾವಳಿ ಬೇಕು. ನಾನು ಬರೀತೀನಿ. ಮಾತಾಡೋರು ಹೆಸರು, ಮನೆ ನಂಬರು ಹೇಳಿ. ಹೇಳಿದ್ದನ್ನ ಓದಿ ತೋರಿಸ್ತೀನಿ, ಸಹಿ ಹಾಕಿ."

ಇದರಲ್ಲಿ ತಪ್ಪೇನೆಂದು ಯಾರಿಗೂ ಹೊಳೆಯಲಿಲ್ಲ. ನಾಲ್ಕನೇ ಮಹಡಿಯ ಕಂಟ್ರಾಕ್ಟರ್ ಎದ್ದು ಗುಡುಗಿದ: "ಅಂಥವರನ್ನ ಕಾಲು ಮುರಿದು ಬೀದಿಗೆ ಎಸೀಬೇಕು!"

ರೈಟರಮ್ಮ ಬರೆದರು. ಆಮೇಲೆ, ಮಳಿಗೆಯ ಬೆಲೆಪಟ್ಟಿ ಓದುವ ದನಿಯಲ್ಲಿ ಓದಿದರು. "ಹದಿನೇಳನೇ ಮನೆಯವರು ಹೇಳಿದ್ದು: ಅಂಥವರನ್ನು ಕಾಲು ಮುರಿದು ಬೀದಿಗೆ ಎಸೆಯಬೇಕು. ಎರಡೂ ಕಾಲೋ, ಒಂದೋ?"

ಯಾರೋ ಕಿಸಕ್ಕನೆ ನಕ್ಕರು.

"ಹಾಗಲ್ಲ, ಅದು ಮಾತಿಗೆ ಅಂದಿದ್ದು" ಅಂದ ಕಂಟ್ರಾಕ್ಟರ್.

"'ಮಾತಿಗೆ ಅಂದಿದ್ದು' ಅಂತಾನೂ ಬರ್ದೆ. ಸಹಿ ಇಲ್ಲಿ."

ಕಂಟ್ರಾಕ್ಟರಿಗೆ ಸೈಟಿನಿಂದ ತುರ್ತು ಕರೆ ಬಂತು. ಆಮೇಲೆ ಎದ್ದವರ ಮಾತು ಒಬ್ಬರಿಗಿಂತ ಒಬ್ಬರದು ಮೆತ್ತಗಾಗುತ್ತ ಬಂತು. ಒಬ್ಬರು ಸಂಸ್ಕಾರದಿಂದ ಶುರುಮಾಡಿ ಲಿಫ್ಟ್ ರಿಪೇರಿಗೆ ಬಂದು ಮುಟ್ಟಿದರು. ಮೊದಲ ಮಹಡಿಯ ಅಜ್ಜಿ, "ಆ ಹುಡುಗರು ನನ್ನ ಚೀಲ ಹೊತ್ಕೊಂಡು ಬರ್ತಾರಪ್ಪ, ನಿಮ್ಮ ಯಾರ ಮಕ್ಕಳೂ ಹೊತ್ತಿಲ್ಲ. ಇದನ್ನೂ ಬರ್ಕೊಳ್ಳಮ್ಮ" ಅಂದರು. ಅವರದು ಸಹಿಯಲ್ಲ, ಹೆಬ್ಬೆಟ್ಟು.

ಸೆಕ್ರೆಟರಿ ಬೆವರೊರೆಸಿಕೊಂಡ. "ಮೇಡಂ, ನೀವೂ ಮನವಿಗೆ ಸಹಿ ಹಾಕಿದೀರಲ್ಲ!"

"ಹಾಕಿದೀನಿ. ಅದೂ ಇದೆ ಇಲ್ಲಿ, ಕೇಳಿ." ಪುಟ ಹಿಂದಕ್ಕೆ ತಿರುಗಿಸಿ ಓದಿದರು. "ಹನ್ನೆರಡನೇ ಮನೆಯವಳಾದ ನಾನು, ಏಳನೇ ನಂಬರಿನಲ್ಲಿ, ಯೋಚನೆ ಮಾಡದೆ ಸಹಿ ಹಾಕಿದ್ದೇನೆ. ಅದು ತಪ್ಪು. ವಾಪಸ್ ತೆಗೆದುಕೊಂಡಿದ್ದೇನೆ." ಕೆಳಗೆ ಸಹಿ ಆಗಲೇ ಬಿದ್ದಿತ್ತು.

ಸಭೆ ನಿರ್ಣಯವಿಲ್ಲದೆ ಮುಗಿಯಿತು. ಲಿಫ್ಟ್ ರಿಪೇರಿ ಮಾಡಿಸುವುದೆಂದು ಮಾತ್ರ ಒಮ್ಮತವಾಯಿತು, ಅದು ಇನ್ನೂ ಆಗಿಲ್ಲ.

ಮೆರವಣಿಗೆಯ ದಿನ ನಲವತ್ತು ಜನ ಬರಬಹುದೆಂದುಕೊಂಡಿದ್ದರು, ನೂರಹತ್ತು ಬಂದರು. ಲೆಕ್ಕ ರೈಟರಮ್ಮನದು, ಹಾಗಾಗಿ ಸಂಶಯ ಬೇಡ. ಬಂದೋಬಸ್ತು ಕೊಡಿ ಎಂದು ಅವರು ಹದಿನೈದು ದಿನ ಮೊದಲೇ ಅರ್ಜಿ ಕೊಟ್ಟು ಸೀಲು ಹಾಕಿಸಿಟ್ಟಿದ್ದರಿಂದ ಠಾಣೆಯವರು ಹನ್ನೆರಡು ಪೇದೆಗಳನ್ನು ಕಳಿಸಲೇಬೇಕಾಯಿತು. ಬಟ್ಟೆ ಅಂಗಡಿಗಳ ಮುಂದೆ ಒಂದು ಗುಂಪು ಕೂಗಿತು, ಟೊಮೇಟೊ ಎಸೆಯಿತು. ಒಂದು ರೈಟರಮ್ಮನ ಭುಜಕ್ಕೆ ಬಿತ್ತು. ಅವರು ಗಡಿಯಾರ ನೋಡಿಕೊಂಡರು. ಒಂದು ಕಲ್ಲೂ ಬಂತು. ಅದು ಪಾರ್ಲರ್ ಅಕ್ಕನ ಹಣೆಗೆ ಬಡಿದು ಮೂರು ಹೊಲಿಗೆ ಬಿದ್ದವು. ನರ್ಸ್ ಅಲ್ಲೇ ಫುಟ್‌ಪಾತಿನ ಮೇಲೆ ಕೂರಿಸಿ ರಕ್ತ ಒತ್ತಿ ಹಿಡಿದಳು. "ಅರ್ಜಿ ಕೊಟ್ಟು ಬನ್ನಿ, ನಾನೇನು ಓಡಿಹೋಗಲ್ಲ" ಅಂದಳು ಅಕ್ಕ. ಕಲ್ಲೆಸೆದವನನ್ನು ಹಿಡಿದದ್ದು ಒಬ್ಬ ಪೇದೆ. ರೈಟರಮ್ಮ ಅವನ ನಂಬರನ್ನೂ ಬರೆದುಕೊಂಡು, ಮೆಚ್ಚುಗೆಯ ಪತ್ರ ಕಳಿಸಿದರು.

ಆಮೇಲೆ ಏನಾಯಿತೆಂದರೆ, ಎಲ್ಲವೂ ಅರ್ಧರ್ಧ ಆಯಿತು. ಗಾಜು ಒಡೆದ ಮೂವರಲ್ಲಿ ಇಬ್ಬರಿಗೆ ಶಿಕ್ಷೆಯಾಯಿತು, ಮೂರನೆಯವನು ಸಿಗಲಿಲ್ಲ. ಪೋಸ್ಟರು ಅಚ್ಚುಹಾಕಿದವನು ಕೋರ್ಟಿನಲ್ಲಿ ಕ್ಷಮೆ ಕೇಳಿದ. ಅಚ್ಚು ಹಾಕಿಸಿದವರು ಯಾರೆಂಬುದು ಎಲ್ಲರಿಗೂ ಗೊತ್ತು, ಕಾಗದದಲ್ಲಿ ಮಾತ್ರ ಇಲ್ಲ. ನಗರಸಭೆ ಅರ್ಜಿಯನ್ನು ಸಮಿತಿಗೆ ಒಪ್ಪಿಸಿತು. ಸಮಿತಿ ಒಂದೂವರೆ ವರ್ಷ ಕೂತು, ಬಾಡಿಗೆ ಮನೆಗಳ ಮಟ್ಟಿಗೆ ನಿಯಮ ಮಾಡಿತು, ಕೆಲಸದ ವಿಷಯ ಮುಂದಕ್ಕೆ ಹಾಕಿತು. ಟೀಚರಿಗೆ ಶಾಲೆ ವಾಪಸ್ ಸಿಗಲಿಲ್ಲ. ಅವರೂ ನರ್ಸೂ ಐದು ತಿಂಗಳು ಮೂರನೇ ಮಹಡಿಯಲ್ಲಿದ್ದು, ಎರಡು ಬೀದಿ ಆಚೆ ಮನೆ ಹಿಡಿದರು. ಪಾರ್ಲರ್ ಅಕ್ಕನ ಹಣೆಯ ಮೇಲೆ ಗುರುತು ಉಳಿಯಿತು. ಅದರ ಮೇಲೆ ಕೂದಲು ಇಳಿಬಿಡುವ ಹೊಸ ಕಟಿಂಗ್ ಒಂದನ್ನು ಅವಳೇ ಕಂಡುಹಿಡಿದಳು. ಈಗ ಕಾಲೇಜಿನ ಹುಡುಗಿಯರು ಅದನ್ನೇ ಕೇಳುತ್ತಾರಂತೆ.

ರೈಟರಮ್ಮನ ತರಗತಿಯ ಸುದ್ದಿ ಬೇರೆ ಊರುಗಳಿಗೂ ಹೋಯಿತು. ಕಳೆದ ವರ್ಷ ನಾಲ್ಕು ಗಂಟೆ ಬಸ್ಸಿನ ದೂರದ ಒಂದು ಊರಿನಿಂದ ಕರೆ ಬಂತು. ಒಟ್ಟಿಗೆ ಬಾಳುತ್ತಿದ್ದ ಇಬ್ಬರು ಗಂಡಸರ ಮನೆಗೆ ಬೀಗ ಜಡಿದಿದ್ದಾರೆ, ಠಾಣೆಗೆ ಹೋಗಲು ಧೈರ್ಯ ಸಾಲದು, ಬನ್ನಿ ಎಂದು. ರೈಟರಮ್ಮ ಸಕಲ ಸಿದ್ಧತೆಯೊಂದಿಗೆ ಹೊರಟರು. ದೂರಿನ ಮೂರು ಪ್ರತಿ, ನಿಯಮದ ಪುಸ್ತಕ, ಕೂರಲು ದಿಂಬು, ಎರಡು ಹೊತ್ತಿನ ಬುತ್ತಿ, ಬಿಪಿ ಮಾತ್ರೆ. ಸಂಜೆಯವರೆಗೆ ಬೆಂಚು ಬಿಟ್ಟೇಳುವುದಿಲ್ಲ ಎಂದು ಟೀಚರಿಗೆ ದಾರಿಯುದ್ದಕ್ಕೂ ಹೇಳಿದರು. ಯಾವ ಪ್ರಶ್ನೆಗೆ ಯಾವ ಉತ್ತರ ಎಂಬುದನ್ನು ಬಾಯಿಪಾಠ ಮಾಡಿಕೊಂಡರು.

ಆ ಠಾಣೆಯ ಎಡಗಡೆಯ ಮೇಜಿನಲ್ಲಿ ಇಪ್ಪತ್ತೈದರ ಒಬ್ಬ ಹುಡುಗಿ ಕೂತಿದ್ದಳು. ದೂರು ಓದಿದಳು. "ಬೀಗ ಯಾವ ಬಾಗಿಲಿಗೆ, ಮುಂದಿನದಾ ಹಿಂದಿನದಾ?" ಎಂದು ಕೇಳಿದಳು. ಬರೆದುಕೊಂಡಳು. ಸೀಲು ಹಾಕಿ, ನಂಬರು ಕೊಟ್ಟು, ಬೀಗ ತೆಗೆಸಲು ಒಬ್ಬ ಪೇದೆಯನ್ನು ಜೊತೆ ಮಾಡಿದಳು. ಎಲ್ಲ ಸೇರಿ ಹನ್ನೆರಡು ನಿಮಿಷ.

ರೈಟರಮ್ಮ ಇನ್ನೂ ದಿಂಬು ಹಾಕಿಕೊಂಡಿರಲಿಲ್ಲ.

"ಅಷ್ಟೇನಾ?" ಅಂದರು.

"ಅಷ್ಟೇ ಅಮ್ಮಾ. ಇನ್ನೇನಾದ್ರೂ ಇದೆಯಾ?"

"ಇಲ್ಲ" ಅಂದರು ರೈಟರಮ್ಮ, ಹುಡುಗಿಯ ಅಕ್ಷರವನ್ನು ಒಮ್ಮೆ ಬಗ್ಗಿ ನೋಡಿ. "ಚೆನ್ನಾಗಿ ಬರೀತೀಯ. ಇಲ್ಲೇ ಕೂತು ಬುತ್ತಿ ತಿನ್ನಬಹುದಾ? ಎರಡು ಹೊತ್ತಿಂದು ತಂದಿದೀವಿ."